ಅಪ್‌ಡೇಟ್: ಹೊಸ ಪತ್ರಿಕೆಯ ಕಡತ ಬಿಒಎಸ್ ದಾಟಿತು

ನಮ್ಮ ಸ್ವಾಯತ್ತ ಕಾಲೇಜಿನ ಬಿಎ ಮಕ್ಕಳಿಗೆ ಜಾನಪದ ದಾಖಲೀಕರಣದ ಐಚ್ಛಿಕ ಪತ್ರಿಕೆ (ಅಂದರೆ ಕೋರ್ಸ್) ತರಬೇಕು, ಕಡತದಲ್ಲಿ ಏನೇನಿರಬೇಕು ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಮೊನ್ನೆ ಪಠ್ಯಕ್ರಮ ನೋಡುವ ಅಧ್ಯಯನ ಮಂಡಳಿ (ಬಿಒಎಸ್) ಒಪ್ಪಿತು. ಆದರೆ ಮೊದಲ ಸಲಕ್ಕಲ್ಲ.

ಮೊದಲು ವಾಪಸ್ ಬಂದದ್ದು ಗಂಟೆಗಳ ಲೆಕ್ಕಕ್ಕೆ. 3 ಕ್ರೆಡಿಟ್ ಎಂದು ಬರೆದು, ಪಾಠಕ್ಕೇ 45 ಗಂಟೆ ಹಾಕಿ, ಕ್ಷೇತ್ರಕಾರ್ಯವನ್ನು ಸುಮ್ನೆ ಕೆಳಗೆ ಸೇರಿಸಿದ್ದೆ. ಪಾಠವಾದರೆ 1 ಕ್ರೆಡಿಟ್‌ಗೆ 15 ಗಂಟೆ, ಪ್ರಾಯೋಗಿಕವಾದರೆ 30. ಹಾಗಾಗಿ ಈಗ ಪಾಠಕ್ಕೆ 2 ಕ್ರೆಡಿಟ್, ಕ್ಷೇತ್ರಕಾರ್ಯಕ್ಕೆ 1. ಒಟ್ಟು 60 ಗಂಟೆ. ಮಕ್ಕಳು ಹಳ್ಳಿಗೆ ಹೋಗಿ ಸೋಬಾನೆ ಪದ ರೆಕಾರ್ಡ್ ಮಾಡುವುದಕ್ಕೂ ಕ್ರೆಡಿಟ್ ಸಿಕ್ಕಿತು, ಅದೇ ಜಾಸ್ತಿ ಖುಷಿ.

ಇನ್ನೊಂದು ಪೆಟ್ಟು ಬಿದ್ದದ್ದು ಕೋರ್ಸ್ ಔಟ್‌ಕಮ್‌ಗೆ, ಅಂದರೆ ಪತ್ರಿಕೆ ಮುಗಿದಾಗ ಮಕ್ಕಳಿಗೆ ಏನು ಬರಬೇಕು ಎಂಬ ಸಾಲುಗಳಿಗೆ. ‘ಜಾನಪದದ ಮಹತ್ವ ಅರಿಯುತ್ತಾರೆ’ ಎಂದಿತ್ತು. “ಅರಿತರೋ ಇಲ್ಲವೋ, ಹೇಗೆ ಅಳೀತೀರಿ ಮೇಡಂ?” ಎಂದರು ಹೊರಗಿನಿಂದ ಬಂದಿದ್ದ ತಜ್ಞರು. ಸರಿಯೇ ಅಲ್ವಾ? ಕಲಿಕೆಯ ಹಂತಗಳಿಗೆ ತಕ್ಕ ಕ್ರಿಯಾಪದಗಳಿರುವ ಬ್ಲೂಮ್ ಪಟ್ಟಿ ನೋಡಿಕೊಂಡು ‘ಹಾಡನ್ನು ಬರಹಕ್ಕಿಳಿಸುತ್ತಾರೆ’, ‘ಎರಡು ಪಾಠಾಂತರಗಳನ್ನು ಹೋಲಿಸುತ್ತಾರೆ’ ಎಂದು ತಿದ್ದಿದೆ. ಈ ಔಟ್‌ಕಮ್‌ಗಳು ಇಡೀ ಪದವಿಯ ಗುರಿಗಳಿಗೆ ಎಷ್ಟು ಹೊಂದುತ್ತವೆ ಎಂದು ತೋರಿಸುವ ಸಿಒ-ಪಿಒ ಕೋಷ್ಟಕದಲ್ಲಿ ಎಲ್ಲ ಕಡೆ ಗರಿಷ್ಠ ಅಂಕ 3 ತುಂಬಿದ್ದೆ (ಎಲ್ಲರೂ ಮಾಡುವ ಕಳ್ಳಾಟ!), ಅದನ್ನೂ ಬದಲಿಸಬೇಕಾಯಿತು.

ಗ್ರಂಥಾಲಯದಲ್ಲಿ ಯಾವ ಪುಸ್ತಕ ಎಷ್ಟು ಪ್ರತಿ ಇದೆ ಎಂಬ ಪತ್ರ ಇಡಿ ಎಂದಿದ್ದಿರಲ್ಲ, ಅದನ್ನು ಕೇಳಿಯೇ ಕೇಳಿದರು.

ನಡಾವಳಿಗೆ ಸಹಿ ಆಗಿದೆ. ಇನ್ನು ಮಂಡಳಿಗಿಂತ ಮೇಲಿನ ಅಕಾಡೆಮಿಕ್ ಕೌನ್ಸಿಲ್ ಒಪ್ಪಬೇಕು. ಅಲ್ಲಿಗೆ ಎಷ್ಟು ಪ್ರತಿ ಬೇಕೆಂದು ನಾಳೆ ಕಚೇರಿಯಲ್ಲಿ ಕೇಳಬೇಕು.