ಉಬುಂಟು 20.04ರಿಂದ 22.04 ಅಪ್‌ಗ್ರೇಡ್ ಅರ್ಧಕ್ಕೆ ನಿಂತಿದೆ, ಕೋಹಾ ಸರ್ವರ್ ಬೂಟ್ ಆಗುತ್ತಿಲ್ಲ

ಗ್ರಂಥಪಾಲ: ನಮಸ್ಕಾರ. ನಮ್ಮ ಕಾಲೇಜು ಲೈಬ್ರರಿಯ ಕೋಹಾ (ಪುಸ್ತಕಗಳ ಲೆಕ್ಕ ಇಡುವ ಸಾಫ್ಟ್‌ವೇರ್) ಇರುವುದು ಉಬುಂಟು 20.04 ಲಿನಕ್ಸ್ ಸರ್ವರಿನಲ್ಲಿ. ಅದರ ಸಾಮಾನ್ಯ ಸಪೋರ್ಟ್ 2025ರ ಮೇನಲ್ಲೇ ಮುಗಿದಿದೆ, ಹಾಗಾಗಿ 22.04ಕ್ಕೆ ಏರಿಸುವ ಡು-ರಿಲೀಸ್-ಅಪ್‌ಗ್ರೇಡ್ ಕಮಾಂಡ್ ಕೊಟ್ಟೆ. ಮುಕ್ಕಾಲು ಭಾಗ ಸರಿಯಾಗಿ ಹೋಯಿತು. ಆಮೇಲೆ ಬೂಟ್‌ಗೆ ಬೇಕಾದ ಫೈಲ್ ತಯಾರಿಸುವ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಹತ್ತಿರ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂದು ನಿಂತಿತು. ರೀಬೂಟ್ ಆದ ಮೇಲೆ ಪರದೆಯಲ್ಲಿ ಬರುವುದು ಇದೊಂದೇ:

ಕರ್ನಲ್ ಪ್ಯಾನಿಕ್ - ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)

ಹಾರ್ಡ್‌ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿದೆ. ಕೌಂಟರಿನಲ್ಲಿ ಇಶ್ಯೂ-ರಿಟರ್ನ್ ಎಲ್ಲಾ ಸದ್ಯಕ್ಕೆ ನೋಟ್‌ಬುಕ್ಕಿನಲ್ಲಿ ನಡೀತಿದೆ.

ಪೆಂಗ್ವಿನ್_ಭಟ್ಟ: ಹೊಸದಾಗಿ ಇನ್‌ಸ್ಟಾಲ್ ಮಾಡಿ ಬ್ಯಾಕಪ್ ಹಾಕಿಬಿಡಿ ಸರ್. ತಲೆನೋವು ಕಮ್ಮಿ.

ಟರ್ಮಿನಲ್_ತಾತ: ಭಟ್ರೇ, ಅಷ್ಟು ಅವಸರ ಬೇಡ. ಡಿಸ್ಕ್ ಹಾಳಾಗಿಲ್ಲ. ಕರ್ನಲ್ಲಿಗೆ (ಸಿಸ್ಟಮ್ಮಿನ ತಿರುಳು) ರೂಟ್ ಡಿಸ್ಕ್ ಹುಡುಕಿಕೊಡುವುದು ಇನಿಟ್‌ಆರ್‌ಡಿ ಫೈಲ್. ಹೊಸ 5.15 ಕರ್ನಲ್ಲಿಗೆ ಆ ಫೈಲೇ ತಯಾರಾಗಿಲ್ಲ, ಅದಕ್ಕೇ (0,0). ತುಂಬಿರುವುದು ದೊಡ್ಡ ಡಿಸ್ಕ್ ಅಲ್ಲ, /ಬೂಟ್ ಎಂಬ ಪುಟ್ಟ ಪಾರ್ಟಿಷನ್. ಅಪ್‌ಗ್ರೇಡ್ ಟೂಲ್ ಶುರುವಿಗೇ ಅಲ್ಲಿನ ಜಾಗ ನೋಡುತ್ತದೆ, ಆದರೆ ಅದು ಬರೀ ಅಂದಾಜು.

ಆನ್ ಮಾಡುವಾಗ ಶಿಫ್ಟ್ ಒತ್ತಿಹಿಡಿಯಿರಿ, ಯುಇಎಫ್‌ಐ (ಹೊಸ ಬಗೆಯ ಬಯಾಸ್) ಆದರೆ ಎಸ್ಕೇಪ್. ಆಗ ಬರುವ ಗ್ರಬ್ (ಬೂಟ್ ಆಯ್ಕೆಯ) ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ 5.4 ಕರ್ನಲ್ ಆರಿಸಿ. ಒಳಗೆ ಹೋದ ತಕ್ಷಣ ಬೇರೆ ಏನನ್ನೂ ಮುಟ್ಟಬೇಡಿ. ಮೊದಲು /ವರ್/ಸ್ಪೂಲ್/ಕೋಹಾದಲ್ಲಿರುವ ದಿನದ ಬ್ಯಾಕಪ್ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಆಮೇಲೆ ‘ಡಿಎಫ್ -ಎಚ್ /ಬೂಟ್’, ‘ಎಲ್‌ಎಸ್ -ಎಲ್‌ಎಚ್ /ಬೂಟ್’, ‘ಯುನೇಮ್ -ಆರ್’ ಮೂರರ ಔಟ್‌ಪುಟ್ ಇಲ್ಲಿ ಹಾಕಿ.

ಗ್ರಂಥಪಾಲ: 5.4ರಲ್ಲಿ ಎದ್ದು ಕೂತಿತು! ಬ್ಯಾಕಪ್ ಆಯಿತು. /ಬೂಟ್ ಒಟ್ಟು 488 ಎಂಬಿ, ಉಳಿದಿರುವುದು 23. ಹಳೆಯ 5.4 ಕರ್ನಲ್‌ಗಳೇ ನಾಲ್ಕು ಕೂತಿವೆ, ಒಂದೊಂದರ ಇನಿಟ್‌ಆರ್‌ಡಿ 85 ಎಂಬಿ. 5.15ಕ್ಕೆ ವಿಎಮ್‌ಲಿನಕ್ಸ್ (ಕರ್ನಲ್ ಫೈಲ್) ಇದೆ, ಇನಿಟ್‌ಆರ್‌ಡಿ ಇಲ್ಲ. ಆವೃತ್ತಿ ತೋರಿಸುವ ಎಲ್‌ಎಸ್‌ಬಿ_ರಿಲೀಸ್ ಮಾತ್ರ ಆಗಲೇ 22.04 ಅಂತಿದೆ. ಪ್ಯಾಕೇಜ್ ಹಾಕಿ-ತೆಗೆಯುವ ಆಪ್ಟ್‌ನಲ್ಲಿ ಹಳೆಯದನ್ನು ತೆಗೆಯಲು ಹೋದರೆ ‘ಅನ್‌ಮೆಟ್ ಡಿಪೆಂಡೆನ್ಸೀಸ್’ ಎಂದು ಒಪ್ಪುತ್ತಿಲ್ಲ.

ಟರ್ಮಿನಲ್_ತಾತ: ಪ್ಯಾಕೇಜ್‌ಗಳು ಅರ್ಧಂಬರ್ಧ ಇರುವಾಗ ಆಪ್ಟ್ ಹಾಗೇ ಆಡುತ್ತದೆ. ಮಾಮೂಲಿಯಾಗಿ /ಬೂಟ್ ಒಳಗೆ ಕೈ ಹಾಕಬೇಡಿ ಅಂತೀನಿ, ಇಲ್ಲಿ ಬೇರೆ ದಾರಿ ಇಲ್ಲ. ಎಲ್ಲಕ್ಕಿಂತ ಹಳೆಯ ಎರಡು ಕರ್ನಲ್‌ಗಳ ಇನಿಟ್‌ಆರ್‌ಡಿ ಫೈಲ್ ಮಾತ್ರ ಆರ್‌ಎಮ್ ಮಾಡಿ. ಯುನೇಮ್ ತೋರಿಸಿದ ಕರ್ನಲ್ಲಿನದನ್ನು ಅಪ್ಪಿತಪ್ಪಿಯೂ ಅಳಿಸಬೇಡಿ, ಈಗ ನಿಮ್ಮನ್ನು ಒಳಗೆ ಬಿಟ್ಟಿರುವುದು ಅದೇ. ನಂತರ:

ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ
ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್
ಸುಡೊ ಆಪ್ಟ್ ಫುಲ್-ಅಪ್‌ಗ್ರೇಡ್

ಕಾನ್ಫಿಗ್ ಫೈಲ್ ಬದಲಿಸಲೇ ಎಂದು ಕೇಳಿದರೆ ‘ಎನ್’ ಕೊಡಿ. 5.15ರ ಇನಿಟ್‌ಆರ್‌ಡಿ /ಬೂಟ್‌ನಲ್ಲಿ ಕಂಡ ಮೇಲಷ್ಟೇ ಅಪ್‌ಡೇಟ್-ಗ್ರಬ್ ಮಾಡಿ ರೀಬೂಟ್ ಕೊಡಿ.

ಗ್ರಂಥಪಾಲ: 5.15ರಲ್ಲಿ ಬೂಟ್ ಆಯಿತು ಸರ್! ಆದರೆ ಕೋಹಾ ಪುಟ ತೆರೆದರೆ 503 (ಸೇವೆ ಲಭ್ಯವಿಲ್ಲ) ಬರುತ್ತಿದೆ. ಡೇಟಾಬೇಸ್ ಮರಿಯಾಡಿಬಿ 10.6 ಓಡುತ್ತಿದೆ, ವೆಬ್ ಸರ್ವರ್ ಅಪಾಚೆಯೂ ಸರಿ ಇದೆ.

ಟರ್ಮಿನಲ್_ತಾತ: ಹಾಗಾದರೆ ಕೋಹಾ ಪುಟಗಳನ್ನು ಓಡಿಸುವ ಪ್ಲಾಕ್ ಎದ್ದಿಲ್ಲ. ಅಪ್‌ಗ್ರೇಡ್ ಆಗುವಾಗ ಹೊರಗಿನ ರೆಪೊಗಳನ್ನೆಲ್ಲ (ಪ್ಯಾಕೇಜ್ ಸಿಗುವ ತಾಣಗಳು) ಆಫ್ ಮಾಡುತ್ತಾರೆ. ಸೋರ್ಸಸ್.ಲಿಸ್ಟ್.ಡಿ ಒಳಗೆ ಕೋಹಾ ಸಾಲಿನ ಮುಂದೆ # ಬಿದ್ದು, ಕೊನೆಗೆ ‘ಡಿಸೇಬಲ್ಡ್ ಆನ್ ಅಪ್‌ಗ್ರೇಡ್ ಟು ಜ್ಯಾಮಿ’ (ಜ್ಯಾಮಿ ಅಂದರೆ 22.04) ಎಂದಿರಬೇಕು. ಕೋಹಾ ಬರೆದಿರುವ ಪರ್ಲ್ ಭಾಷೆ ಬೇರೆ 5.30ರಿಂದ 5.34ಕ್ಕೆ ಬದಲಾಗಿದೆ. # ತೆಗೆದು ಆಪ್ಟ್ ಅಪ್‌ಡೇಟ್ ಕೊಡಿ, ಕೋಹಾ-ಕಾಮನ್ ಮತ್ತೆ ಇನ್‌ಸ್ಟಾಲ್ ಮಾಡಿ, ಸರ್ವೀಸ್ ರೀಸ್ಟಾರ್ಟ್ ಮಾಡಿ. ಕೋಹಾ ಸರಿಯಾಗುವ ತನಕ, ಬೇಡದ ಪ್ಯಾಕೇಜ್ ತೆಗೆಯುವ ಆಟೊರಿಮೂವ್ ಕಡೆ ಹೋಗಬೇಡಿ. ಕೋಹಾಗೆ ಬೇಕಾದ ಪರ್ಲ್ ಮಾಡ್ಯೂಲ್‌ಗಳನ್ನೇ ಕಸ ಎಂದು ಗುಡಿಸಿಬಿಡಬಹುದು.

ಗ್ರಂಥಪಾಲ: # ಇತ್ತು, ತೆಗೆದೆ. ಕ್ಯಾಟಲಾಗ್ ಬಂತು, ಲಾಗಿನ್ ಆಗುತ್ತಿದೆ. ಈಗ ಹಳೆಯ ಕರ್ನಲ್ ತೆಗೆಯಬಹುದಾ?

ಟರ್ಮಿನಲ್_ತಾತ: ಆಟೊರಿಮೂವ್ --ಪರ್ಜ್ ಕೊಡಿ, ಆದರೆ ‘ವೈ’ ಒತ್ತುವ ಮುಂಚೆ ಪಟ್ಟಿ ಪೂರ್ತಿ ಓದಿ. ಪರ್ಲ್ ಹೆಸರು ಕಂಡರೆ ನಿಲ್ಲಿಸಿ ಇಲ್ಲಿ ಹಾಕಿ.