ಹಾಲೆ ಎಣ್ಣೆ, ಬಾವಂಚಿ: ಸೋರಿಯಾಸಿಸ್‌ಗೆ ಯಾವುದು ಸರಿ?

ಪ್ರಶ್ನೆ (ಕೊರಟಗೆರೆ): ಅಪ್ಪಾಜಿಯ ಮೊಣಕೈ, ಮಂಡಿ ಮೇಲೆ ದಪ್ಪ ಹೊಟ್ಟು. ಸೋರಿಯಾಸಿಸ್‌ಗೆ ಡಾಕ್ಟರು ಕೊಟ್ಟ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೊಮ್ಮೆ ನಡೀತಿದೆ. ಸಿದ್ದರಬೆಟ್ಟದ ಕಡೆ ಹಾಲೆ ಸೊಪ್ಪಿನ ಎಣ್ಣೆ ಹಚ್ಚಿ ಅಂತಾರೆ. ಜೊತೆಗೆ ಬಾವಂಚಿ ಎಣ್ಣೆ, ಅರಿಶಿನದ ಮಾತ್ರೆ ಕೊಡಬಹುದಾ?

ಉತ್ತರ (ತುಮಕೂರು): ಮೊದಲು ಮರ ಗುರುತಿಸಿ. ಬೇಕಾದ್ದು ಚನ್ನಪಟ್ಟಣದ ಬೊಂಬೆ ಮಾಡೋ ಹಾಲೆ. ಎಲೆಗಳು ಎದುರುಬದುರಾಗಿ ಎರಡೆರಡೇ ಇರ್ತವೆ. ಒಂದೇ ಗಿಣ್ಣಲ್ಲಿ ಸುತ್ತಲೂ ನಾಲ್ಕರಿಂದ ಏಳು ಎಲೆ ಇದ್ರೆ ಅದು ಮದ್ದಾಲೆ, ಬೇಡ. ಎಲೆ ಒರೆಸಿ, ನೀರಿನ ಪಸೆ ಆರಿಸಿ, ಕೈಯಲ್ಲೇ ಹರಿದು, ಅಷ್ಟೇ ತೂಕದ ಕೊಬ್ಬರಿ ಎಣ್ಣೆಯಲ್ಲಿ ಏಳು ದಿನ ಬಿಸಿಲಿಗಿಟ್ಟರೆ ಎಣ್ಣೆ ನೇರಳೆಗೆ ತಿರುಗುತ್ತೆ. ಎಲೆ ಒದ್ದೆಯಿದ್ರೆ ಬೂಷ್ಟು ಹಿಡಿಯುತ್ತೆ, ಅದನ್ನ ಚೆಲ್ಲಿ. ಈ ಎಲೆಯಲ್ಲಿ ನೀಲಿ ಬಣ್ಣದ ಅಂಶ ಇದೆ. ನೀಲಿ (ಇಂಡಿಗೊ) ಗಿಡದಲ್ಲಿರೋ ಇಂಡಿರುಬಿನ್ ಅನ್ನೋ ಅಂಶ ಚರ್ಮಕೋಶಗಳ ಅತಿವೇಗದ ಬೆಳವಣಿಗೆ ತಗ್ಗಿಸುತ್ತೆ. 2008ರಲ್ಲಿ ತೈವಾನಿನಲ್ಲಿ ನೀಲಿ ಗಿಡದ ಮುಲಾಮನ್ನು 42 ಜನರ ಮೇಲೆ 12 ವಾರ ಪರೀಕ್ಷಿಸಿದಾಗ ಗುಣ ಕಂಡಿತ್ತು. ಆದರೆ ಮನೆ ಎಣ್ಣೆಗೆ ಅಂಥ ಗಟ್ಟಿ ಆಧಾರ ಇಲ್ಲ. ಮುಂಗೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿ. ಬಿರುಕು, ರಸಿಕೆ ಇರೋ ಕಡೆ ಬೇಡ.

ಉತ್ತರ (ಚಿಂತಾಮಣಿ): ಬಾವಂಚಿ ದಯವಿಟ್ಟು ಬೇಡ! ಅದರಲ್ಲಿರೋ ಸೊರಾಲೆನ್ ಅನ್ನೋ ಅಂಶಕ್ಕೆ ಬಿಸಿಲು ತಾಗಿದರೆ ಚರ್ಮ ಸುಡುತ್ತೆ. ಬೊಬ್ಬೆ ತಕ್ಷಣ ಏಳಲ್ಲ, ಎರಡು ಮೂರು ದಿನಕ್ಕೆ ಜೋರಾಗುತ್ತೆ, ಅದಕ್ಕೇ ಜನ ಮೋಸ ಹೋಗ್ತಾರೆ. ಆಸ್ಪತ್ರೆಯಲ್ಲಿ ಇದೇ ಸೊರಾಲೆನ್ ಕೊಟ್ಟು ಅಳೆದ ಬೆಳಕು ಹಾಯಿಸ್ತಾರೆ. ಹೊಲದ ಬಿಸಿಲಿಗೆ ಅಳತೆ ಎಲ್ಲಿದೆ?

ಉತ್ತರ (ಕೋಲಾರ): ಸಾರಿನ ಅರಿಶಿನ ಸರಿ, ಮಾತ್ರೆ ಬೇಡ. ಮೆಥೊಟ್ರೆಕ್ಸೇಟೇ ಯಕೃತ್ತಿಗೆ ಭಾರ. ಕಾಳುಮೆಣಸಿನ ಸಾರ ಸೇರಿಸಿದ ಅರಿಶಿನ ಮಾತ್ರೆಯಿಂದಲೂ ಯಕೃತ್ತಿಗೆ ಪೆಟ್ಟು ಬಿದ್ದದ್ದಿದೆ. ಎಣ್ಣೆ ಹಚ್ಚೋ ವಿಷಯವನ್ನೂ ಚರ್ಮದ ಡಾಕ್ಟರಿಗೆ ಹೇಳಿ, ವಾರದ ಮೆಥೊಟ್ರೆಕ್ಸೇಟ್ ಮಾತ್ರೆ ನೀವಾಗೇ ನಿಲ್ಲಿಸಬೇಡಿ.