ಸಹಾಯ ಬೇಕು: ಅಮ್ಮನ ಜೊತೆ ಗೋಕರ್ಣಕ್ಕೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಮ್ಮನನ್ನು ಗೋಕರ್ಣಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ವಯಸ್ಸು 72, ಮಂಡಿ ನೋವು ಜಾಸ್ತಿ. ಬೆಂಗಳೂರಿನಿಂದ ಪಂಚಗಂಗಾ ರೈಲಿಗೆ ಟಿಕೆಟ್ ಆಗಿದೆ. ಗೋಕರ್ಣ ರೋಡ್ ಸ್ಟೇಷನ್ ಊರಿಂದ ದೂರ ಅಲ್ವಾ, ಬೆಳಿಗ್ಗೆ ಇಳಿದ ತಕ್ಷಣ ಆಟೋ ಸಿಗುತ್ತದೆಯೇ?

ಮೊದಲು ಗಣಪತಿ, ಆಮೇಲೆ ಮಹಾಬಲೇಶ್ವರ ಅನ್ನುವುದು ಅಮ್ಮನ ಹಠ. ಅದಕ್ಕೆ ತೊಂದರೆ ಇಲ್ಲ, ಎರಡೂ ಹತ್ತಿರವೇ. ಚಿಂತೆ ಇರುವುದು ಮಹಾಬಲೇಶ್ವರನ ಗುಡಿಯ ಒಳಗೆ. ಆತ್ಮಲಿಂಗ ಪೀಠದ ಕುಳಿಯಲ್ಲಿದೆ, ಬಗ್ಗಿ ಕೈ ಹಾಕಿ ಮುಟ್ಟಬೇಕು. ಅಮ್ಮ ನೆಲಕ್ಕೆ ಕೂತರೆ ಇಬ್ಬರು ಹಿಡಿದು ಎಬ್ಬಿಸಬೇಕು. ವಯಸ್ಸಾದವರನ್ನು ಕರೆದುಕೊಂಡು ಹೋದವರು ಹೇಗೆ ಮಾಡಿದಿರಿ? ಜನ ಕಡಿಮೆ ಇರುವ ಹೊತ್ತು ಯಾವುದು?

ದೇವಸ್ಥಾನದ ಹತ್ತಿರ ಕೆಳಗಿನ ಮಹಡಿಯಲ್ಲೇ ರೂಮ್ ಇದ್ದರೆ ತಿಳಿಸಿ. ಓಂ ಬೀಚ್ ಕಡೆಯದು ಸುಮ್ನೆ ಬೇಡ, ಅಲ್ಲಿ ಮೆಟ್ಟಿಲು ಇಳಿಯಬೇಕು. ನನ್ನ ಪಂಚೆ ಆಗಲೇ ಬ್ಯಾಗ್ ಸೇರಿದೆ!